ಖಾಲಿ ಪಂಜರದ ಬಾಟಲಿ

ಕಾರು ಊರ ಹೊರಗಿನ ಸಾಲುಮರಗಳ ನೆರಳಿಗೆ ಹೊಕ್ಕಾಗ ಮಿರ್ತಾ ಲೊಂದೇರೊ ತನ್ನ ಮೇಲ್ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಅದೊಂದು ಅಭ್ಯಾಸ. ಮೂಗಿನ ಬುಡದಿಂದ ತುಟಿಯವರೆಗೆ ಇಳಿಯುವ ಸಣ್ಣ ಕಾಲುವೆ ಎಲ್ಲರ ಮುಖದಲ್ಲೂ ಇರುತ್ತದೆ, ಯಾರೂ ಅದನ್ನು ಗಮನಿಸುವುದಿಲ್ಲ. ಅವಳು ಮಾತ್ರ ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಸಾವಿನ ಮನೆಯಲ್ಲಿ ಸಹ, ಎದುರಿಗೆ ಬಂದ ಮುಖದಲ್ಲಿ ಮೊದಲು ಅದನ್ನೇ ಹುಡುಕುತ್ತಾಳೆ. ಕಾಲುವೆ ಆಳವಾಗಿದೆಯೇ, ಇಲ್ಲಾ ಅಂಗೈಯಿಂದ ತೀಡಿದ ಹಾಗೆ ಸಪಾಟಾಗಿದೆಯೇ, ತುಟಿ ದಾರದಷ್ಟು ತೆಳ್ಳಗಿದೆಯೇ. ಸಪಾಟಾಗಿದ್ದರೆ, ಈ ಮುಖವನ್ನು ಹೊತ್ತ ತಾಯಿ ಬಸುರಿಯಾಗಿದ್ದಾಗ ಏನು ಕುಡಿದಿರಬಹುದು ಎಂಬ ಯೋಚನೆ ತಾನಾಗಿಯೇ ಬರುತ್ತದೆ. ದರ್ಜಿಯ ಕಣ್ಣಿಗೆ ಕಂಡವರ ಹೊಲಿಗೆಯೇ ಬೀಳುವ ಹಾಗೆ ಕೆಲಸ ಅವಳ ಕಣ್ಣಿಗೆ ಅಂಟಿಕೊಂಡುಬಿಟ್ಟಿತ್ತು. ಬರುವ ಡಿಸೆಂಬರಿಗೆ ನಿವೃತ್ತಿ. ಆಮೇಲೆ ಈ ಕಣ್ಣನ್ನು ಏನು ಮಾಡುವುದು ಎಂದು ಅವಳು ಯೋಚಿಸಿರಲಿಲ್ಲ.

ಕಾರು ಓಡಿಸುತ್ತಿದ್ದವಳು ಹಿಮೇನಾ. ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿನಿ, ಈಗ ಪಕ್ಕದ ಮೇಜಿನವಳು, ಡಿಸೆಂಬರಿನ ನಂತರ ಕೋರ್ದೊಬಾ ನಗರದ ಪ್ರಯೋಗಾಲಯವೆಲ್ಲ ಅವಳದೇ. ಆರು ತಿಂಗಳ ಬಸುರಿ. ಹೊಟ್ಟೆ ಸ್ಟೇರಿಂಗಿಗೆ ತಾಗಬಾರದೆಂದು ಸೀಟನ್ನು ಹಿಂದಕ್ಕೆ ಸರಿಸಿ ತೋಳುಗಳನ್ನು ಉದ್ದಕ್ಕೆ ಚಾಚಿ ಓಡಿಸುತ್ತಿದ್ದಳು. ಅವರ ಪ್ರಯೋಗಾಲಯದಲ್ಲಿ ಯಾರೂ ತಾನು ಬಸುರಿ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಯಾರದಾದರೂ ಪ್ರಬಂಧ ಒಪ್ಪಿಗೆಯಾದ ದಿನ ಕೋಲಾ ಬಾಟಲಿಯ ಕತ್ತು ಕತ್ತರಿಸಿ, ಅದಕ್ಕೆ ಫೆರ್ನೆಟ್ ಎಂಬ ಕಹಿ ಮದ್ಯ ಬೆರೆಸಿ, ಕೈಯಿಂದ ಕೈಗೆ ದಾಟಿಸುತ್ತಾರೆ. ತನ್ನ ಸರದಿ ಬಂದಾಗ ಒಬ್ಬಳು ಕುಡಿಯದೆ ಪಕ್ಕದವಳಿಗೆ ಕೊಟ್ಟರೆ ಕೋಣೆ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ ಚಪ್ಪಾಳೆ, ಅಪ್ಪುಗೆ. ಹಿಮೇನಾಳ ವಿಷಯ ತಿಳಿದದ್ದೂ ಹಾಗೆಯೇ. ಮಿರ್ತಾ ಇಷ್ಟು ವರ್ಷವೂ ಆ ಬಾಟಲಿಯನ್ನು ಕುಡಿಯದೆ ದಾಟಿಸಿದವಳು. ಅವಳಿಗಾಗಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

"ಡಾಕ್ಟ್ರೇ, ನಿಮ್ಮೂರು ಕೊಲೋನಿಯಾದಲ್ಲಿ ನಾಯಿಗಳೂ ವೈನ್ ಕುಡಿಯುತ್ವಂತೆ, ಹೌದಾ?" ಎಂದಳು ಹಿಮೇನಾ.

"ನಾಯಿಗಳು ಕುಡಿಯಲ್ಲ. ಕುಡಿದೋರನ್ನ ಮನೆಗೆ ಕರ್ಕೊಂಡು ಹೋಗೋ ಕೆಲಸ ಅವುಗಳದ್ದು."

ಹಿಮೇನಾ ನಕ್ಕಳು. ಮಿರ್ತಾ ನಗಲಿಲ್ಲ. ಕೇಳಬೇಕಾದದ್ದನ್ನು ಈಗಲೇ ಕೇಳಿಬಿಡುವುದು ಒಳ್ಳೆಯದೆನಿಸಿತು. "ಭಾಷಣದ ಚಿತ್ರ ಎಲ್ಲ ಇದಾವಾ?"

"ಎಲ್ಲಾ ಇದಾವೆ. ನಿಮ್ಮ ಕ್ಲಾಸಿಂದೇ ಎತ್ತಿ ಹಾಕಿದೀನಿ. ನೀಲಿ ಸ್ವೆಟರ್ ಹುಡುಗನೂ ಇದಾನೆ. ಅವನಿಲ್ಲದೆ ನಿಮ್ಮ ಪಾಠ ಉಂಟಾ? ಅವನ ತುಟಿ ನೋಡ್ಕೊಂಡೇ ಅಲ್ವಾ ನಾವೆಲ್ಲ ಪಾಸಾಗಿದ್ದು!"

ತೆಗೆದುಬಿಡು ಎನ್ನಬಹುದಿತ್ತು. ಎಂದರೆ ಯಾಕೆ ಎನ್ನುತ್ತಾಳೆ. ಆ ಹುಡುಗ ಯಾರೆಂದು ಪ್ರಯೋಗಾಲಯದಲ್ಲಿ ಯಾರಿಗೂ ಗೊತ್ತಿಲ್ಲ. ಹನ್ನೊಂದು ವರ್ಷದ ಹುಡುಗ, ಕಣ್ಣುಗಳ ಮೇಲೆ ಕಪ್ಪು ಪಟ್ಟಿ, ತುಟಿಯ ಕಡೆಗೆ ಒಂದು ಬಿಳಿ ಬಾಣ, ಕೆಳಗೆ 'ತಾಯಿಯ ಮದ್ಯಸೇವನೆ: ಖಚಿತ' ಎಂಬ ಒಂದು ಸಾಲು. ಆ ಬಾಣವನ್ನು ಇಟ್ಟವಳು ಅವಳೇ, ಆ ಸಾಲನ್ನು ಬರೆದವಳೂ ಅವಳೇ. ಹುಡುಗ ರೇಮೊ, ಅವಳ ತಮ್ಮ. ಈಗ ತಲೆ ನರೆತಿದೆ, ತಾಯಿಯ ಜೊತೆ ಇದೇ ಊರಿನಲ್ಲಿದ್ದಾನೆ, ದ್ರಾಕ್ಷಿ ಕೊಯ್ಲಿನಲ್ಲಿ ಬುಟ್ಟಿ ಹೊರುತ್ತಾನೆ, ಗಡಿಯಾರ ನೋಡಲು ಬರುವುದಿಲ್ಲ. ಅಮ್ಮ ಫೋನಿನಲ್ಲಿ ಹೇಳಿದ್ದಳು: "ಭಾಷಣಕ್ಕೆ ನಾನೆಲ್ಲಿ ಬರ್ಲೇ, ನಂಗೇನು ಅರ್ಥ ಆಗತ್ತೆ. ಮುಗಿಸ್ಕೊಂಡು ಊಟಕ್ಕೆ ಬಾ, ಪೊಲೆಂಟಾ ಮಾಡಿರ್ತೀನಿ." ಆದ್ದರಿಂದ ಅಮ್ಮ ಬರುವುದಿಲ್ಲ. ಬರದವಳಿಗೆ ಹೆದರಿ ಚಿತ್ರ ತೆಗೆಸುವುದು ಹೇಗೆ? "ಸರಿ, ಇರ್ಲಿ ಬಿಡು," ಎಂದಳು.

ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ಫೋರ್ಕಿನಿಂದ ಕಡೆಯುತ್ತ ಹೋದರೆ ಮೊದಲು ಕರಕರ ಎನ್ನುತ್ತದೆ, ಆಮೇಲೆ ಸದ್ದು ಮೆತ್ತಗಾಗುತ್ತದೆ, ಹಳದಿ ಬಿಳಿಚಿಕೊಂಡು ನೊರೆಯಾಗುತ್ತದೆ. ಆಗ ಅದರ ಮೇಲೆ ಕಪ್ಪುಕೆಂಪು ವೈನನ್ನು ದಾರದ ಹಾಗೆ ಇಳಿಬಿಡಬೇಕು. ಒಮ್ಮೆಲೇ ಸುರಿದರೆ ಒಡೆಯುತ್ತದೆ. ಇದನ್ನು ಕಲಿತಾಗ ಮಿರ್ತಾಗೆ ಏಳು ವರ್ಷ. ಅಮ್ಮ ಬಸುರಿ, ಮೇಲೇಳಲಾರದಷ್ಟು ಸುಸ್ತು. ಆ ಊರಲ್ಲಿ ಬಸುರಿಯರಿಗೆ ರಕ್ತವಾಗಲಿ ಎಂದು ಬೆಳಿಗ್ಗೆ ಬೆಳಿಗ್ಗೆ ಇದನ್ನು ಕೊಡುವುದು ಅತ್ತೆಯ ಧರ್ಮ. ಕೊಡದ ಅತ್ತೆಯನ್ನು ಊರು ಆಡಿಕೊಳ್ಳುತ್ತಿತ್ತು. ಅಪ್ಪನ ತಾಯಿ, ನೋನಾ, ಒಲೆಯ ಪಕ್ಕ ಕೂತು ಅಳತೆ ಹೇಳುವಳು, ಕಡೆಯುವುದು ಹುಡುಗಿಯ ಕೆಲಸ. "ಚೆಲ್ಲಬೇಡ. ಮಂಚದ ಪಕ್ಕ ಇಟ್ಟು ಬಾಗ್ಲು ಎಳ್ಕೊಂಡು ಬಾ. ಬಸುರಿ ಕುಡಿಯೋದನ್ನ ನೋಡ್ತಾ ನಿಲ್ಲಬಾರ್ದು, ದೃಷ್ಟಿ ತಾಗತ್ತೆ." ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಅವಳು ನಡೆಯುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಹೋದರೆ ಲೋಟ ಖಾಲಿ. ಅಮ್ಮ ಅದನ್ನು ಕೈಗೆ ಕೊಟ್ಟು, "ನೋನಾಗೆ ಹೇಳು, ಹಿತವಾಯ್ತು ಅಂತ" ಎನ್ನುವಳು. ತಳದಲ್ಲಿ ಉಳಿದ ನೊರೆಗೆ ಬೆರಳು ಹಾಕಿ ನೆಕ್ಕುತ್ತ ಹುಡುಗಿ ಅಡುಗೆಮನೆಗೆ ಓಡುವಳು. ಹಿತವಾಯ್ತಂತೆ, ಹಿತವಾಯ್ತಂತೆ.

ಇಲಿಗಳೂ ಹಾಗೆಯೇ, ತಕರಾರಿಲ್ಲದೆ ಕುಡಿಯುತ್ತಿದ್ದವು. ಪಂಜರದ ಮೇಲೆ ಬಾಟಲಿಯನ್ನು ತಲೆಕೆಳಗಾಗಿ ಸಿಕ್ಕಿಸಬೇಕು, ನೀರಿಗೆ ಹತ್ತರಲ್ಲೊಂದು ಪಾಲು ಮದ್ಯ. ಕೆಲವು ವಾರ ಕುಡಿಸಿ ಗಂಡಿನ ಜೊತೆ ಬಿಡಬೇಕು. ಬೆಳಿಗ್ಗೆ ಒಂದೊಂದರ ಬಾಲ ಎತ್ತಿ ನೋಡಿ, ಗಂಡಿನ ಜೊತೆ ಕೂಡಿದ ಗುರುತಾಗಿ ಸಣ್ಣ ಬಿಳಿ ಬಿರಡೆ ಕಂಡರೆ ಅದೇ ಗರ್ಭದ ಮೊದಲ ದಿನ. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ಅಕ್ಕಿಕಾಳಿಗಿಂತ ಚಿಕ್ಕ ಭ್ರೂಣಗಳು, ಮುಚ್ಚಿಕೊಳ್ಳಬೇಕಾದಲ್ಲಿ ಮುಚ್ಚಿಕೊಳ್ಳದ ಬೆನ್ನು, ಸರಿಯಾಗಿ ಕೂಡದ ಮುಖ. ಅವಳ ಹೆಸರು ಒಂದಿಷ್ಟು ಹೊರಗೆ ತಿಳಿದದ್ದು ಅದಕ್ಕಿಂತ ಹಿಂದಿನ ಸಂಗತಿಗಾಗಿ. ಬಸುರಾಗುವ ಮೊದಲೇ ಕುಡಿದು, ಬಸುರಾದ ಮೇಲೆ ಬಿಟ್ಟರೂ, ಅಂಡದಲ್ಲಿ ಅದರ ಗುರುತು ಉಳಿಯುತ್ತದೆ ಎಂದು ಅವಳು ತೋರಿಸಿದ್ದಳು. ಮೊದಲು ಯಾರೂ ನಂಬಲಿಲ್ಲ. ಹೊರದೇಶದ ಒಂದು ಸಮ್ಮೇಳನದಲ್ಲಿ ಅವಳು ಮಾತು ಮುಗಿಸಿ ಕೆಳಗಿಳಿದಾಗ ಒಬ್ಬ ದೊಡ್ಡ ಪ್ರೊಫೆಸರ್, ಈ ಕೆಲಸ ಮಾಡಿದವರು ಯಾರು, ನೀವು ಅವರ ಪರವಾಗಿ ಓದಿದಿರಾ ಎಂದು ವಿನಯದಿಂದಲೇ ಕೇಳಿದ್ದ. ಹೌದು ಎಂದುಬಿಟ್ಟಿದ್ದಳು. ಯಾಕೆ ಹೌದು ಎಂದೆ ಎಂಬುದನ್ನು ಆ ರಾತ್ರಿಯಿಂದ ಈ ಬೆಳಗಿನವರೆಗೂ ಯೋಚಿಸಿದ್ದಾಳೆ.

ಪ್ರಯೋಗಾಲಯದಲ್ಲಿ ಅವಳದೇ ಆದ ನಿಯಮ ಒಂದಿತ್ತು, ಹುಡುಗಿಯರು ಹಿಂದಿನಿಂದ ಅಣಕಿಸುತ್ತಿದ್ದ ನಿಯಮ. ಬಾಟಲಿಗಳನ್ನು ಸಂಜೆ ತೂಗಬೇಕು, ಬೆಳಿಗ್ಗೆ ತೂಗಬೇಕು, ಅದು ಎಲ್ಲ ಕಡೆ ಇರುವುದೇ. ಅವಳು ಮಾತ್ರ ಸಾಲಿನ ಕೊನೆಗೆ ಒಂದು ಖಾಲಿ ಪಂಜರ ಇಡಿಸುತ್ತಿದ್ದಳು. ಅದರಲ್ಲಿ ಇಲಿ ಇಲ್ಲ, ಮೇಲೊಂದು ತುಂಬಿದ ಬಾಟಲಿ. ಬೆಳಿಗ್ಗೆ ನೋಡಿದರೆ ಅದೂ ಒಂದಿಷ್ಟು ಇಳಿದಿರುತ್ತದೆ. ಯಾರೂ ಕುಡಿಯದೆಯೂ ಬಾಟಲಿ ಖಾಲಿಯಾಗುತ್ತದೆ. ತೊಟ್ಟಿಕ್ಕಿದ ಆ ಲೆಕ್ಕವನ್ನು ಕಳೆಯದೆ ಇಲಿ ಇಷ್ಟು ಕುಡಿಯಿತು ಎಂದರೆ ಅದು ಸುಳ್ಳು. ಒಮ್ಮೆ ಹಿಮೇನಾ ಆ ಪಂಜರ ಇಡಲು ಮರೆತಿದ್ದಕ್ಕೆ ಮಿರ್ತಾ ಒಂದಿಡೀ ತಿಂಗಳ ಕೆಲಸವನ್ನು ಕಸಕ್ಕೆ ಹಾಕಿಸಿದ್ದಳು. ಹುಡುಗಿ ಕಕ್ಕಸಿನಲ್ಲಿ ಕೂತು ಅತ್ತದ್ದು ಗೋಡೆಯಾಚೆಯಿಂದ ಕೇಳಿಸಿತ್ತು. ಕೇಳಿಸದಂತೆ ಇದ್ದಳು.

ಹಳೆಯ ವಲಸಿಗರ ಸಂಘದ ಸಭಾಂಗಣದಲ್ಲಿ ಮರದ ಕುರ್ಚಿಗಳು, ಗೋಡೆಯ ಮೇಲೆ ಮೊದಲು ಬಂದು ನೆಲ ಅಗೆದ ಮೀಸೆಯವರ ಫೋಟೋಗಳು. ಹಿಂಭಾಗದ ಮೇಜಿನ ಮೇಲೆ ಬಿಳಿ ಬಟ್ಟೆ ಹೊದಿಸಿದ ದೊಡ್ಡ ಹೂಜಿಗಳು, ಹೆಚ್ಚಿಟ್ಟ ಸಲಾಮಿ. ಹೂಜಿಗಳಲ್ಲಿ ಏನಿದೆ ಎಂದು ಕೇಳುವ ಅಗತ್ಯವಿರಲಿಲ್ಲ. ಬಾಗಿಲಲ್ಲೇ ವಾಸನೆ ಬರುತ್ತಿತ್ತು. ಸಂಘದ ಅಧ್ಯಕ್ಷ ದೋನ್ ಎಲ್ವಿಯೊ, ಮಿರ್ತಾಳ ಜೊತೆ ಒಂದೇ ಬೆಂಚಿನಲ್ಲಿ ಓದಿದವನು, ಮೈಕು ಹಿಡಿದು ಪರಿಚಯ ಮಾಡಿಕೊಟ್ಟ. "ನಮ್ಮೂರ ಮಗಳು. ಇಲಿಗಳಿಗೆ ಕುಡಿಸಿ ಕುಡಿಸಿ ಪ್ರೊಫೆಸರ್ ಆದಳು. ನಾವು ಇಷ್ಟು ವರ್ಷದಿಂದ ಸ್ವತಃ ಕುಡೀತಿದೀವಿ, ನಮ್ಮನ್ನ ಯಾರೂ ಗುಮಾಸ್ತೆ ಕೂಡ ಮಾಡ್ಲಿಲ್ಲ." ಸಭೆ ನಕ್ಕಿತು. ಹಿಂದಿನ ಸಾಲಿಂದ ಒಬ್ಬ ಮುದುಕ, "ಮಿರ್ತಾ, ಇಲಿಗಳಿಗೆ ಸಾಲ್ದೇ ಬಂದ್ರೆ ಹೇಳು, ನಮ್ಮ ನೆಲಮಾಳಿಗೇಲಿ ಇನ್ನೂ ಎರಡು ಪೀಪಾಯಿ ಇದೆ" ಎಂದ. ಅವಳು ತುಟಿಯಗಲಿಸಿ ನಕ್ಕಂತೆ ಮಾಡಿದಳು. ದೀಪ ಆರಿಸಿದರು.

ಮಾತು ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲು ತೆರೆದು ಬಿಸಿಲಿನ ಒಂದು ಪಟ್ಟಿ ನೆಲದ ಮೇಲೆ ಬಿತ್ತು. ಆ ಪಟ್ಟಿಯಲ್ಲಿ ಎರಡು ನೆರಳು, ಒಂದು ಗಿಡ್ಡ, ಒಂದು ಅಗಲ. ಅಮ್ಮ ಪಿಯೆರಿನಾ, ಚರ್ಚಿಗೆ ಹೋಗುವ ಕಪ್ಪು ಉಡುಪಿನಲ್ಲಿ. ಅವಳ ತೋಳು ಹಿಡಿದ ರೇಮೊ, ಒದ್ದೆ ತಲೆ ಬಾಚಿಕೊಂಡು. ಮುಂದಿನ ಸಾಲಿನವರು ಎದ್ದು ಜಾಗ ಬಿಟ್ಟರು. ಅಮ್ಮ ಕೂತು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ಅದರ ಮೇಲಿಟ್ಟು, ಪ್ರಸಾದಕ್ಕೆ ಕಾದವಳಂತೆ ಮುಖ ಎತ್ತಿದಳು. ರೇಮೊ ಕೈ ಬೀಸಿದ.

ನೀಲಿ ಸ್ವೆಟರಿನ ಚಿತ್ರ ಇನ್ನೂ ಮುಂದಿದೆ. ಹಿಮೇನಾ ಪಕ್ಕದಲ್ಲೇ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ, ಬಗ್ಗಿ ಕಿವಿಯಲ್ಲಿ ಒಂದು ಮಾತು ಹೇಳಿದರೆ ಸಾಕು. ಮಿರ್ತಾ ಮಾತಾಡುತ್ತಲೇ ಆ ಮಾತನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದಳು: ಅದೊಂದು ಬಿಡು, ಅದೊಂದು ಹಾರಿಸು. ಬಾಯಿ ಮಾತ್ರ ವರ್ಷವರ್ಷ ಹೇಳಿ ಸವೆದ ವಾಕ್ಯಗಳ ಮೇಲೆ ತಾನಾಗಿ ಜಾರುತ್ತ ಹೋಗುತ್ತಿತ್ತು. ಗರ್ಭಕ್ಕೆ ಸೋಸುವ ಬಟ್ಟೆ ಇಲ್ಲ. ತಾಯಿ ಕುಡಿದದ್ದು ಮಗುವೂ ಕುಡಿಯುತ್ತದೆ. ಇಷ್ಟಾದರೆ ತೊಂದರೆಯಿಲ್ಲ ಎಂಬ ಅಳತೆಯನ್ನು ಯಾರೂ ಕಂಡುಹಿಡಿದಿಲ್ಲ. ಕುಡಿದದ್ದೆಷ್ಟು ಎಂದು ತಿಳಿಯುವುದೇ ಕಷ್ಟ. ಇಲ್ಲಿ ಅವಳು ಪ್ರತಿ ಸಲ ಒಂದು ಕ್ಷಣ ನಿಲ್ಲುತ್ತಾಳೆ, ವಿದ್ಯಾರ್ಥಿಗಳು ಇಲ್ಲಿ ಪೆನ್ನು ಎತ್ತುತ್ತಾರೆ. ನಿಂತಳು. "ತಾಯಿಯನ್ನು ಕೇಳಿ ತಿಳಿಯುವುದು ಎಲ್ಲಕ್ಕಿಂತ ದುರ್ಬಲವಾದ ದಾರಿ. ನಾಚಿಕೆಗೋ ಹೆದರಿಕೆಗೋ ಅವರು ಕಡಿಮೆ ಹೇಳುತ್ತಾರೆ. ಕುಡಿದೇ ಇಲ್ಲ ಎಂದೂ ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಕಿಲ್ಲ, ಆದರೆ ನಂಬಿಕೊಂಡು ಕೂರುವಂತೆಯೂ ಇಲ್ಲ." ಅಮ್ಮ ನಿಧಾನಕ್ಕೆ ತಲೆಯಾಡಿಸಿದಳು. ಒಪ್ಪಿದ ಹಾಗೆ. ಇಲ್ಲಾ, ಪಾದ್ರಿಯ ಮಾತಿಗೆ ಆಡಿಸುವ ಹಾಗೆ.

"ಹಾಗಾದರೆ ಯಾವುದನ್ನು ನಂಬಬೇಕು?" ಎಂಬುದು ಮುಂದಿನ ವಾಕ್ಯ. ಅದರ ಮೇಲೆ ಹಿಮೇನಾ ಗುಂಡಿ ಒತ್ತಬೇಕು, ಚಿತ್ರ ಬರಬೇಕು. ಆ ವಾಕ್ಯವನ್ನು ಹೇಳದಿದ್ದರೆ ಚಿತ್ರ ಬರುವುದಿಲ್ಲ. ಮಿರ್ತಾ ಅದನ್ನು ಹೇಳಿದಳು.

ಪರದೆಯ ತುಂಬ ನೀಲಿ. ಕೊರಳಲ್ಲಿ ಬಿಳಿಯ ಎರಡು ಗೆರೆ, ಎಡಗೈಯಲ್ಲಿ ಒಂದು ಗೆರೆ ಹೆಚ್ಚು, ಹೆಣೆಯುವಾಗ ಎಣಿಕೆ ತಪ್ಪಿದ್ದು. ಕಪ್ಪು ಪಟ್ಟಿ. ಬಾಣ. ಆಮೇಲೆ ರೇಮೊ ಕುರ್ಚಿಯಿಂದ ಎದ್ದು ನಿಂತ.

"ಅಮ್ಮಾ, ಅದು ನಾನು! ನನ್ನ ಸ್ವೆಟರ್! ನೋಡಮ್ಮಾ, ನಾನೇ!"

ಯಾರೋ ನಕ್ಕು ಅರ್ಧಕ್ಕೆ ನಿಲ್ಲಿಸಿದರು. ಹಿಮೇನಾ ಚಿತ್ರವನ್ನು ನೋಡಿದಳು, ರೇಮೊನನ್ನು ನೋಡಿದಳು, ಕೊನೆಗೆ ಮಿರ್ತಾಳನ್ನು ನೋಡಿದಳು. ಅವಳ ಕೈ ಗುಂಡಿಯ ಮೇಲೆ ಹಾಗೇ ಉಳಿಯಿತು. ರೇಮೊ ಪಕ್ಕದವರಿಗೆ, ಹಿಂದಿನವರಿಗೆ ಬೆರಳು ಮಾಡಿ ತೋರಿಸುತ್ತಿದ್ದ. "ಕಣ್ಣಿಗೆ ಯಾಕೆ ಬಟ್ಟೆ ಕಟ್ಟಿದಾರೆ? ಕಣ್ಣಾಮುಚ್ಚಾಲೆನಾ ಅಕ್ಕಾ?" ಅಮ್ಮ ಅವನ ತೋಳು ಹಿಡಿದು ಕೂರಿಸಿದಳು. ಕೂರಿಸಿ, ಕೈಚೀಲ ತೆರೆದು, ಕನ್ನಡಕ ತೆಗೆದು ಹಾಕಿಕೊಂಡು, ಅವಸರವಿಲ್ಲದೆ ಚಿತ್ರವನ್ನು ಮೇಲಿಂದ ಕೆಳಗೆ ಓದಿದಳು. ಕೆಳಗಿನ ಸಾಲನ್ನೂ. ಅವಳ ತುಟಿ ಅಕ್ಷರ ಅಕ್ಷರವಾಗಿ ಅಲುಗಿತು. "ಮುಂದಿನದು," ಎಂದಳು ಮಿರ್ತಾ. ತನ್ನ ದನಿ ಚೆನ್ನಾಗಿಯೇ ಇತ್ತು, ಅದೇ ವಿಚಿತ್ರವೆನಿಸಿತು.

ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಮೂರನೇ ಸಾಲಿನಿಂದ ದೋನ್ಯಾ ವೆಲಿಯಾ ಎದ್ದಳು, ಆರು ಹೆತ್ತ ಹೆಂಗಸು. "ಮೊಟ್ಟೆ ಹಾಕಿದ್ರೂನಾ ಮಗ್ಳೇ?"

"ಮೊಟ್ಟೆ ಹಾಕಿದ್ರೂ ವೈನ್ ವೈನೇ ಅಮ್ಮಾ."

"ಸಕ್ಕರೆ ಹಾಕಿದ್ರೂ?"

"ಹೌದು."

"ಹಂಗಾದ್ರೆ ಇಲ್ಲಿ ಕೂತಿರೋರೆಲ್ಲ ಹುಚ್ಚರಾಗಬೇಕಿತ್ತಲ್ಲ," ಎಂದಳು ಅವಳು. "ಎಲ್ವಿಯೊ ಒಬ್ಬ ಬಿಟ್ಟು ಉಳಿದೋರು ಸರಿಯಾಗೇ ಇದಾರೆ." ಈ ಸಲ ಸಭೆ ಗಟ್ಟಿಯಾಗಿ ನಕ್ಕಿತು, ಬೇಕಾದ್ದಕ್ಕಿಂತ ಗಟ್ಟಿಯಾಗಿ. ನಗುವಿನ ಅಡಿಯಲ್ಲಿ ಹೆಂಗಸರು ಒಬ್ಬರನ್ನೊಬ್ಬರು ನೋಡದೆ ತಮ್ಮ ತಮ್ಮ ಮಕ್ಕಳನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿಕೊಳ್ಳುತ್ತಿದ್ದುದು ಮಿರ್ತಾಗೆ ಕಾಣುತ್ತಿತ್ತು.

ಆಮೇಲೆ ಹೂಜಿಗಳ ಬಟ್ಟೆ ತೆಗೆದರು. ಮಾತು ಕೇಳಿ ಕಣ್ಣೊರೆಸಿಕೊಂಡ ಅದೇ ಹೆಂಗಸರು ಹಿಮೇನಾಳನ್ನು ಸುತ್ತುವರಿದು ಲೋಟ ಹಿಡಿಸಲು ನೋಡಿದರು. "ಒಂದೇ ಬೆರಳು ತಾಯೀ, ಇದು ಹೊಸ ದ್ರಾಕ್ಷಿದು, ಇದರಲ್ಲೇನೂ ಇರಲ್ಲ." "ನೋಡು ಎಷ್ಟು ಬಿಳಿಚಿಕೊಂಡಿದೀಯ, ರಕ್ತ ಇಲ್ಲ ಮೈಯಲ್ಲಿ." "ಡಾಕ್ಟರಮ್ಮ ಹೇಳಿದ್ದು ಅಂಗಡಿ ವೈನಿಗೆ ಕಣೇ, ಮನೇದಕ್ಕಲ್ಲ." ಹಿಮೇನಾ ಬೇಡ ಬೇಡ ಎನ್ನುತ್ತ ಅವರ ತಲೆಗಳ ಮೇಲಿಂದ ಮಿರ್ತಾಳನ್ನೇ ನೋಡುತ್ತಿದ್ದಳು. ಕಾರಿನ ಹತ್ತಿರ ಇಬ್ಬರೇ ಉಳಿದಾಗ ಕೇಳಿದಳು: "ಒಪ್ಪಿಗೆ ತಗೊಂಡಿದ್ರಾ ಡಾಕ್ಟ್ರೇ? ಚಿತ್ರಕ್ಕೆ?"

"ಮನೆಯವರು ಒಪ್ಪಿದ್ರು."

"ಮನೆಯವರು ಅಂದ್ರೆ ಯಾರು?"

ಮಿರ್ತಾ ಸೀಟಿನಿಂದ ತನ್ನ ಚೀಲ ಎತ್ತಿಕೊಂಡಳು. ನಮ್ಮತ್ತೆಯ ಊರು ಇಲ್ಲೇ ಪಕ್ಕ, ಸಂಜೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದಳು ಹಿಮೇನಾ. ಕಾರು ಹೊರಟಾಗ ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಖಾಲಿ ಪಂಜರ ಮರೆತ ದಿನ ಮಿರ್ತಾ ಅವಳನ್ನು ನೋಡಿದ ಹಾಗೆಯೇ ಅವಳು ನೋಡುತ್ತಿದ್ದಳು.

ಮನೆಯ ಅಡುಗೆಮನೆಯಲ್ಲಿ ಅಮ್ಮ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದಳು. ಕಪ್ಪು ಉಡುಪಿನ ಮೇಲೆ ಏಪ್ರನ್ನು ಕಟ್ಟಿಕೊಂಡಿದ್ದಳು. ರೇಮೊ ಹಿತ್ತಲಲ್ಲಿ ಕೋಳಿಗಳಿಗೆ ತನ್ನ ಚಿತ್ರದ ಸುದ್ದಿ ಹೇಳುತ್ತಿದ್ದ. ಮಿರ್ತಾ ಸ್ಟೂಲಿನ ಮೇಲೆ ಕೂತು ಕಾದಳು. ಬೈಗುಳ ಬಂದಿದ್ದರೆ ಸಲೀಸಿತ್ತು. ಅಮ್ಮ ಸೌಟನ್ನು ನಿಲ್ಲಿಸದೆ ಹೇಳಿದಳು:

"ಆಲ್ಬಮ್ಮಲ್ಲಿ ಜಾಗ ಖಾಲಿ ಇತ್ತು. ನೀನು ತಗೊಂಡಿದೀಯ ಅಂತ ಗೊತ್ತಿತ್ತು ನಂಗೆ. ಪರ್ಸಲ್ಲಿ ಇಟ್ಕೊಂಡಿದೀಯ ಅಂದ್ಕೊಂಡಿದ್ದೆ."

ಅಮ್ಮ ಸೌಟಿನಿಂದ ಪಾತ್ರೆಯ ಅಂಚು ಕೆರೆದಳು.

"ಆ ಬಾಣ ಯಾಕೆ?"

"ತುಟಿ ತೋರ್ಸೋಕೆ."

"ತುಟಿಗೇನಾಗಿದೆ? ಅದು ನಿಮ್ಮಪ್ಪನ ತುಟಿ."

"ಅಪ್ಪನ ತುಟಿ ಹಾಗಿರ್ಲಿಲ್ಲ ಅಮ್ಮಾ."

"ನೀನೆಲ್ಲಿ ನೋಡಿದೀಯ? ಹುಟ್ಟಿದಾಗ್ಲಿಂದ ಮೀಸೇನೇ ನೋಡಿದೀಯ. ಹೆಣದ ಪೆಟ್ಟಿಗೇಲೂ ಮೀಸೇಲೇ ಮಲಗಿದ್ರು."

ಮಿರ್ತಾ ನೆನಪಿನಲ್ಲಿ ಆ ಮೀಸೆಯನ್ನು ಸರಿಸಿ ನೋಡಲು ಯತ್ನಿಸಿದಳು. ಮದುವೆಯ ಫೋಟೋದಲ್ಲಿ ಮೀಸೆ, ಸೈನ್ಯದ ಚೀಟಿಯಲ್ಲಿ ಮೀಸೆ, ಸಂಘದ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಅಜ್ಜ ಮುತ್ತಜ್ಜರಿಗೆಲ್ಲ ಮೀಸೆ. ಆ ಮನೆತನದ ಒಂದು ಗಂಡು ತುಟಿಯನ್ನೂ ಅವಳು ಕಂಡಿರಲಿಲ್ಲ, ರೇಮೊನದನ್ನು ಬಿಟ್ಟು. ಅವನಿಗೆ ಗಡ್ಡ ಮೀಸೆ ಬೋಳಿಸುವುದು ಅಮ್ಮ, ಪ್ರತಿ ಶನಿವಾರ.

"ಕೆಳಗೆ ನೀನು ಬರೆದಿದ್ದೆ," ಎಂದಳು ಅಮ್ಮ. "ಖಚಿತ ಅಂತ. ಯಾರು ಹೇಳಿದ್ದು?"

"ನಾನೇ ತಂದು ಕೊಡ್ತಿದ್ನಲ್ಲಮ್ಮ. ದಿನಾ ಬೆಳಿಗ್ಗೆ."

ಅಮ್ಮ ಸೌಟು ನಿಲ್ಲಿಸಿದಳು. ಪೊಲೆಂಟಾ ಒಂದೆರಡು ಸಲ ಬುಳುಬುಳು ಎಂದಿತು.

"ತಂದು ಕೊಡ್ತಿದ್ದೆ. ಕುಡಿದ್ಯಾ ಅಂತ ಯಾವತ್ತಾದ್ರೂ ಕೇಳಿದ್ಯಾ?"

"ಲೋಟ ಖಾಲಿ..."

"ನಂಗೆ ಆ ಹಸಿಮೊಟ್ಟೆ ವಾಸ್ನೆ ಆಗ್ತಿರ್ಲಿಲ್ಲ ಕಣೇ. ನೀನು ಬಾಗ್ಲು ಎಳ್ಕೊಂಡು ಹೋಗೋದೇ ಕಾಯ್ತಿದ್ದೆ. ಕಿಟಕಿಯಿಂದ ಅಂಜೂರದ ಬುಡಕ್ಕೆ. ಅತ್ತೆಗೆ ಹೇಳೋ ಹಾಗಿತ್ತಾ? ಮನೆಯಿಂದ ಆಚೆ ಹಾಕ್ತಿದ್ರು."

"ದಿನಾನೂ?"

ಆ ಪ್ರಶ್ನೆ ಬಾಯಿಂದ ಬಿದ್ದುಹೋಗಿತ್ತು. ಅದರ ದನಿ ಕೂಡ ಅವಳಿಗೆ ಪರಿಚಿತ, ಬಿಳಿ ಕೋಟಿನ ದನಿ. ಅಮ್ಮ ತಿರುಗಿ ಅವಳನ್ನು ನೋಡಿದಳು. ಬೆಳಿಗ್ಗೆ ಚಿತ್ರವನ್ನು ನೋಡಿದ ಹಾಗೆಯೇ, ಮೇಲಿಂದ ಕೆಳಗೆ.

"ನಾನೇನು ನಿನ್ನ ಇಲೀನಾ?"

ಹಾಗಾದರೆ ರೇಮೊ ಯಾಕೆ ಹೀಗೆ ಎಂದು ಕೇಳಬೇಕಿತ್ತು. ಕೇಳದೆಯೇ ಅಮ್ಮ ಉತ್ತರ ಕೊಟ್ಟಳು, ತಟ್ಟೆಗೆ ಬಡಿಸುತ್ತ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ನೀಲಿಯಾಗಿ ಹುಟ್ಟಿದ್ದ ಎಂದಳು, ಸೂಲಗಿತ್ತಿ ಕಾಲು ಹಿಡಿದು ಬಡಿದಳು ಎಂದಳು. ಆಮೇಲೆ, ಯಾರಿಗೆ ಗೊತ್ತು ಎಂದಳು. "ನೀನು ಕಾರಣ ಹುಡುಕ್ತಾ ಕೂತೆ. ನಂಗೆ ಅವನ ಬಟ್ಟೆ ಒಗೆಯೋದಿತ್ತು."

ಊಟ ಸೇರಲಿಲ್ಲ. ಊರು ಬಾಗಿಲು ಮುಚ್ಚಿ ಮಧ್ಯಾಹ್ನದ ನಿದ್ದೆಗೆ ಜಾರಿತು. ಮಿರ್ತಾ ಹಳೆಯ ಕೋಣೆಯಲ್ಲಿ, ಅಮ್ಮ ಆಗ ಮಲಗುತ್ತಿದ್ದ ಕಬ್ಬಿಣದ ಮಂಚದ ಮೇಲೆ ಮಲಗಿ ಸೂರು ನೋಡಿದಳು. ಎರಡು ಗಂಟೆಯ ಹಿಂದಿನದೋ ಇಪ್ಪತ್ತು ವರ್ಷದ ಹಿಂದಿನದೋ, ತನ್ನದೇ ದನಿ ಕೇಳುತ್ತಿತ್ತು: ಕುಡಿದೇ ಇಲ್ಲ ಎಂದೂ ಹೇಳುತ್ತಾರೆ. ಮುನ್ನೂರು ಜನರೆದುರು ಮಗನ ತುಟಿಗೆ ಬಾಣ ಹೊಡೆಸಿಕೊಂಡ ತಾಯಿ ಬೇರೇನು ಹೇಳುತ್ತಾಳೆ? ನಾಚಿಕೆಗೋ ಹೆದರಿಕೆಗೋ. ಇಲ್ಲಾ, ಮಗಳ ಮೇಲಿನ ಕರುಣೆಗೋ. ಲೋಟ ಹೊತ್ತ ಆ ಏಳು ವರ್ಷದ ಹುಡುಗಿಯನ್ನು ಬಿಡುಗಡೆ ಮಾಡಲೆಂದೋ. ಇಲ್ಲಾ ಅದು ನಿಜವೇ. ನೆನಪಿನಲ್ಲಿ ಒಂದು ತುಟಿಯಿತ್ತು, ಅದರ ಮೇಲೆ ಹಳದಿ ನೊರೆಯ ಗೆರೆ, ಅದನ್ನು ಒರೆಸುವ ಹಿಂಗೈ. ಅದು ಅಮ್ಮನ ತುಟಿ ಎಂದೇ ಇಷ್ಟು ದಿನ ತಿಳಿದಿದ್ದಳು. ಈಗ ನೋಡಿದರೆ ಅದರ ಹಿಂದೆ ಅಂಗಳದ ಬಾವಿಕಟ್ಟೆ ಕಾಣುತ್ತಿದೆ, ಕೈ ಮಗುವಿನದಷ್ಟು ಚಿಕ್ಕದಾಗಿದೆ. ಅಮ್ಮ ಕುಡಿಯುವುದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಬಾಗಿಲು ಎಳೆದುಕೊಂಡು ಬರುತ್ತಿದ್ದಳು. ಇಷ್ಟು ವರ್ಷದ ಕೆಲಸದಲ್ಲಿ ಈ ಒಂದು ಲೋಟಕ್ಕೆ ಮಾತ್ರ ಅವಳು ಖಾಲಿ ಪಂಜರ ಇಟ್ಟಿರಲಿಲ್ಲ.

ಎದ್ದು ಕಿಟಕಿಯ ಹತ್ತಿರ ಹೋದಳು. ಮರದ ಬಾಗಿಲುಗಳ ಆಚೆ ಸೊಳ್ಳೆಯ ಜಾಲರಿ, ತುಕ್ಕು ಹಿಡಿದದ್ದು. ಜಾಲರಿಯಿದ್ದರೆ ಸುರಿಯುವುದು ಹೇಗೆ? ಒಳಗೆ ಎದ್ದದ್ದು ಸಂತೋಷವೋ ಸಂಕಟವೋ ತಿಳಿಯಲಿಲ್ಲ. ಬೆರಳಾಡಿಸಿದರೆ ಚೌಕಟ್ಟಿನ ಕೆಳಮೂಲೆಯಲ್ಲಿ ಒಂದು ಕೊಂಡಿ. ಎತ್ತಿದರೆ ಜಾಲರಿ ಹೊರಕ್ಕೆ ತೆರೆದುಕೊಂಡಿತು, ಸಲೀಸಾಗಿ. ಕೊಂಡಿ ಆಗಲೂ ಇತ್ತೇ? ಜಾಲರಿಯೇ ಇತ್ತೇ? ಕೆಳಗೆ ಅಂಜೂರದ ಮರ, ತೋಳಿನಷ್ಟು ದಪ್ಪ ಬೇರುಗಳು, ಒಣಗಿದ ಎಲೆ. ಮರ ಚೆನ್ನಾಗಿ ಬೆಳೆದಿತ್ತು. ಅದರ ಸಾಲಿನಲ್ಲಿದ್ದ ಉಳಿದ ಮರಗಳೂ ಅಷ್ಟೇ ಚೆನ್ನಾಗಿ ಬೆಳೆದಿದ್ದವು.

ಅಡುಗೆಮನೆಯಿಂದ ಫೋರ್ಕಿನ ಸದ್ದು ಬಂತು. ಕರಕರ. ಆಮೇಲೆ ಮೆತ್ತಗೆ. ಅವಳು ಮತ್ತೆ ಮಂಚದ ಮೇಲೆ ಬಂದು ಕೂತಳು. ಬಾಗಿಲು ತಳ್ಳಿಕೊಂಡು ರೇಮೊ ಬಂದ, ಎರಡೂ ಕೈಯಲ್ಲಿ ಲೋಟ, ನಾಲಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಕಣ್ಣು ಲೋಟದ ಅಂಚಿನ ಮೇಲೆ.

"ಊಟ ಮಾಡಿಲ್ವಂತೆ ನೀನು. ಅಮ್ಮ ಕೊಟ್ಟಿದಾಳೆ. ರಕ್ತ ಆಗತ್ತಂತೆ. ನಾನು ಚೆಲ್ಲಲಿಲ್ಲ ಅಕ್ಕಾ."

"ಇಡು ಅಲ್ಲಿ."

"ಆ ಚಿತ್ರ ನಂಗೆ ಕೊಡ್ತೀಯಾ? ಕಣ್ಣಿಗೆ ಬಟ್ಟೆ ಬೇಡ."

"ಕೊಡ್ತೀನಿ. ಬಾಗ್ಲು ಎಳ್ಕೊಂಡು ಹೋಗು."

ಅವನು ಎಳೆದುಕೊಂಡು ಹೋದ. ಬಾಗಿಲಾಚೆ ಅವನ ಉಸಿರು ಕೇಳುತ್ತಿತ್ತು, ಅಲ್ಲೇ ನಿಂತಿದ್ದ. ಮಿರ್ತಾ ಲೋಟವನ್ನು ಮೂಗಿನ ಹತ್ತಿರ ಹಿಡಿದಳು. ಹಸಿಮೊಟ್ಟೆ, ಸಕ್ಕರೆ, ವೈನು. ಸದ್ದಾಗದಂತೆ ಹೆಜ್ಜೆಯಿಟ್ಟು ಹೋಗಿ, ಕೊಂಡಿ ಎತ್ತಿ, ಕೈ ಹೊರಚಾಚಿ ಲೋಟವನ್ನು ಓರೆ ಮಾಡಿದಳು. ಕಡುಗೆಂಪು ಎಳೆ ಬಿಸಿಲಲ್ಲಿ ಒಂದು ಗಳಿಗೆ ಹೊಳೆದು ಬೇರುಗಳ ನಡುವೆ ಇಳಿದುಹೋಯಿತು. ಒಣ ಎಲೆ ಸ್ವಲ್ಪ ಅಲುಗಿತು. ಇಷ್ಟು ಸುಲಭ. ಒಬ್ಬ ಬಸುರಿಗೂ ಇಷ್ಟೇ ಸುಲಭ.

"ಕುಡಿದ್ಯಾ?" ಅಮ್ಮನ ದನಿ, ಅಡುಗೆಮನೆಯಿಂದ.

ಬಾಗಿಲು ತೆರೆದು ರೇಮೊನ ಕೈಗೆ ಲೋಟ ಕೊಟ್ಟಳು. ಅವನು ಆಗಲೇ ತಳಕ್ಕೆ ಬೆರಳು ಹಾಕಿ ನೆಕ್ಕುತ್ತಿದ್ದ. ಆ ತೆಳ್ಳನೆಯ ತುಟಿಯ ಮೇಲೆ, ಬಾಣ ಇದ್ದ ಜಾಗದಲ್ಲೇ, ಹಳದಿ ನೊರೆ ಅಂಟಿಕೊಂಡಿತ್ತು.

"ಅಮ್ಮಂಗೆ ಹೇಳು, ಹಿತವಾಯ್ತು ಅಂತ," ಎಂದಳು ಮಿರ್ತಾ. ದನಿಯಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಯಾರು ಕೇಳಿದರೂ ನಂಬುವ ಹಾಗಿತ್ತು.